ಅಪ್ಪಚ್ಚಿ ‘ನನಗೆ’ ಎಂದು ಬರೆದ ದಿನ

ನಮ್ಮ ಅಪ್ಪಚ್ಚಿ ವಾಟ್ಸಾಪಿನಲ್ಲಿ ಬರೆಯುವವರಲ್ಲ, ಮಾತಾಡಿ ಕಳಿಸುವವರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಅವರ ತೋಟ. ಮನೆಯಲ್ಲಿ ರೇಂಜ್ ಇಲ್ಲ. ಸಂಜೆ ಹೊತ್ತು ತೋಟದ ಮೇಲಿನ ಗುಡ್ಡೆ ಹತ್ತಿ, ಮುರಕಲ್ಲಿನ ಮೇಲೆ ನಿಂತು, ಫೋನನ್ನು ಬಾಯಿ ಹತ್ತಿರ ಹಿಡಿದು ಮಾತಾಡುತ್ತಾರೆ. ಪ್ರತಿ ವಾಯ್ಸ್ ಮೆಸೇಜೂ ‘ಆನು ಮಾತಾಡುದು’ ಎಂದೇ ಶುರು. ಹಿಂದೆ ಗಾಳಿಯ ಸದ್ದು, ಒಂದೊಂದು ಸಲ ನವಿಲಿನ ಕೂಗು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದವರು. ಬೆರಳಲ್ಲಿ ಒತ್ತಿ ಬರೆದರೆ ಒತ್ತಕ್ಷರ ತಪ್ಪುತ್ತದೆ ಅನ್ನುವ ಒಂದೇ ಕಾರಣಕ್ಕೆ ಬರೆಯುವುದಿಲ್ಲ.

ಹೊರಗಿನವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅಪ್ಪಚ್ಚಿ ಅಂದರೆ ಅಪ್ಪನ ತಮ್ಮ. ನಮ್ಮ ಮನೆಮಾತು ಹವ್ಯಕ ಕನ್ನಡ. ಪುಸ್ತಕದ ‘ನಾನು’ ನಮ್ಮಲ್ಲಿ ‘ಆನು’, ‘ನನಗೆ’ ಅಂದರೆ ‘ಎನಗೆ’. ಅಪ್ಪಚ್ಚಿಯ ವಾಟ್ಸಾಪು ಕಳ್ಳನ ಕೈಗೆ ಹೋದ ಈ ಪ್ರಕರಣ ನಿಂತಿರುವುದು ಇದೇ ಒಂದು ಪದದ ಮೇಲೆ.

ಇದನ್ನು ಬರೆಯಲು ಅಪ್ಪಚ್ಚಿಯ ಒಪ್ಪಿಗೆ ಇದೆ. ಹೆಸರು, ಊರು, ನಂಬರು ಬರಬಾರದು ಎಂದು ಷರತ್ತು ಹಾಕಿದರು. ಕರಡು ಓದಿ ಎರಡು ಕಾಗುಣಿತ ತಿದ್ದಿ ಕೊಟ್ಟರು.

ಶುಕ್ರವಾರ ಸಂಜೆ

ಹೋದ ವರ್ಷ ಪತ್ತನಾಜೆ ಕಳೆದ ವಾರ. ಮೇ ಕೊನೆ. ಮಳೆ ಬಂದೂ ಬಾರದ ಹಾಗಿತ್ತು. ಗುಡ್ಡೆಯ ಮೇಲೆ ನಿಂತಿದ್ದ ಅಪ್ಪಚ್ಚಿಗೆ, ಹಿಂದೆ ಜೊತೆಯಲ್ಲಿ ಪಾಠ ಮಾಡುತ್ತಿದ್ದ ಒಬ್ಬ ಮಾಷ್ಟ್ರ ನಂಬರಿನಿಂದ ಮೆಸೇಜ್ ಬಂತು. ‘ತಪ್ಪಿ ನಿಮ್ಮ ಮೊಬೈಲಿಗೆ ನನ್ನ 6 ಅಂಕಿಯ ಕೋಡ್ ಬಂದಿದೆ, ದಯವಿಟ್ಟು ಕಳಿಸಿ.’ ನೋಡಿದರೆ ನಿಜವಾಗಿಯೂ ಒಂದು ಎಸ್‌ಎಂಎಸ್ ಬಂದಿತ್ತು. ಅದರಲ್ಲಿ 6 ಅಂಕಿ. ಕೆಳಗೆ ಇಂಗ್ಲಿಷಿನಲ್ಲಿ ‘ಈ ಕೋಡನ್ನು ಯಾರಿಗೂ ಕೊಡಬೇಡಿ’ ಎಂದು ಕೂಡ ಇತ್ತು.

ಅಪ್ಪಚ್ಚಿ ಕೊಟ್ಟರು.

ಯಾಕೆ ಕೊಟ್ಟಿರಿ ಅಂತ ಆಮೇಲೆ ಎಲ್ಲರೂ ಕೇಳಿದ್ದೇ ಕೇಳಿದ್ದು. ಅವರ ಉತ್ತರ ಒಂದೇ: “ಎನ್ನ ಹತ್ರ ಬಂದದು ಬೇರೆಯೋರ ವಸ್ತು. ವಾಪಾಸು ಕೊಟ್ಟೆ, ಅಷ್ಟೆ.” ನಮ್ಮಲ್ಲಿ ಮನೆಯಿಂದ ಮನೆಗೆ ಅರ್ಧ ಕಿಲೋಮೀಟರು. ಅಂಚೆಯವರು ನಾಲ್ಕು ಮನೆಯ ಕಾಗದವನ್ನು ಒಂದೇ ಅಂಗಡಿಯಲ್ಲಿ ಇಟ್ಟು ಹೋಗುತ್ತಿದ್ದ ಕಾಲ ಅವರಿಗೆ ನೆನಪಿದೆ. ತಪ್ಪಿ ಬಂದ ಕಾಗದವನ್ನು ಒಡೆಯದೆ, ನಡೆದುಕೊಂಡು ಹೋಗಿ ಕೊಟ್ಟು ಬರುವುದು ಮರ್ಯಾದಸ್ಥರ ಲಕ್ಷಣ. ಕಳ್ಳ ಕೈ ಹಾಕಿದ್ದು ಆಸೆಗಲ್ಲ, ಹೆದರಿಕೆಗೂ ಅಲ್ಲ, ಈ ಒಳ್ಳೆಯ ಅಭ್ಯಾಸಕ್ಕೆ.

ಆ ಕೋಡು ಏನು ಅಂದರೆ, ವಾಟ್ಸಾಪನ್ನು ಹೊಸ ಫೋನಿನಲ್ಲಿ ಹಾಕುವಾಗ ‘ಈ ನಂಬರು ನಿನ್ನದೇನಾ?’ ಎಂದು ಕೇಳಿ ಕಂಪನಿ ಕಳಿಸುವ ಅಂಕಿ. ಕಳ್ಳ ತನ್ನ ಫೋನಿನಲ್ಲಿ ಅಪ್ಪಚ್ಚಿಯ ನಂಬರು ಒತ್ತಿದ್ದ. ಕೋಡು ಅಪ್ಪಚ್ಚಿಯ ಸಿಮ್ಮಿಗೆ ಬಂತು. ಅವರು ಕೊಟ್ಟ ಕೂಡಲೇ ಅಕೌಂಟು ಅವನ ಕೈಗೆ ಹೋಯಿತು. ಮೆಸೇಜ್ ಕಳಿಸಿದ ‘ಮಾಷ್ಟ್ರು’ ಕೂಡ ಮಾಷ್ಟ್ರಲ್ಲ. ಅವರ ಅಕೌಂಟನ್ನು ಹಿಂದಿನ ದಿನವೇ ಇದೇ ಉಪಾಯದಲ್ಲಿ ತೆಗೆದಾಗಿತ್ತು.

ಅಪ್ಪಚ್ಚಿಯ ಫೋನಿನಲ್ಲಿ ವಾಟ್ಸಾಪು ಹೊಸದಾಗಿ ನಂಬರು ಕೇಳತೊಡಗಿತು. ರೇಂಜಿನ ತೊಂದರೆ ಅಂದುಕೊಂಡು ಕೆಳಗಿಳಿದರು. ರಾತ್ರಿ ಗಾಳಿ ಬಂತು, ಕರೆಂಟ್ ಹೋಯಿತು. ಬೆಳಗಾಗುವಾಗ ಫೋನು ಚಾರ್ಜಿಲ್ಲದೆ ಸತ್ತಿತ್ತು.

ಶನಿವಾರ ಬೆಳಗ್ಗೆ

8.20ಕ್ಕೆ ನನಗೆ ಮೆಸೇಜ್ ಬಂತು. ಅದು ನನ್ನ ಹತ್ತಿರ ಈಗಲೂ ಇದೆ:

‘ನಮಸ್ಕಾರ. ನನಗೆ ತುರ್ತಾಗಿ 20,000 ರೂಪಾಯಿ ಬೇಕಾಗಿದೆ. ಆಸ್ಪತ್ರೆಯ ಅವಶ್ಯಕತೆ. ನಾಳೆ ಬೆಳಿಗ್ಗೆ ಹಿಂತಿರುಗಿಸುತ್ತೇನೆ. ನೀವು ಗೂಗಲ್ ಪೇ ಬಳಸುತ್ತೀರಾ?’

ಅಪ್ಪಚ್ಚಿ ನನ್ನನ್ನು ಎತ್ತಿ ಆಡಿಸಿದವರು. ನನಗೆ ‘ನೀವು’ ಅನ್ನುತ್ತಾರಾ? ‘ನಮಸ್ಕಾರ’ ಅನ್ನುತ್ತಾರಾ? ‘ಎನಗೆ’ ಬಿಟ್ಟು ‘ನನಗೆ’ ಅನ್ನುತ್ತಾರಾ? ಓದಿದ ಕೂಡಲೇ ಏನೋ ಕಿರಿಕಿರಿ ಆಯಿತು, ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ. ಆದರೆ ನಾನು ಮಾಡಿದ್ದೇನು? ಒಂದೊಂದಕ್ಕೂ ನಾನೇ ಸಮಾಧಾನ ಹುಡುಕಿದೆ. ಬರೆದದ್ದಲ್ವಾ, ಅದಕ್ಕೇ ಪುಸ್ತಕದ ಭಾಷೆ. ಮಾಷ್ಟ್ರಲ್ವಾ. ಪೈಸೆ ಕೇಳುವ ಸಂಕೋಚಕ್ಕೆ ‘ನೀವು’ ಬಂದಿರಬೇಕು.

ಕಳ್ಳನಿಗೆ ನಮ್ಮ ಮನೆಯ ಮಾತು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಹೀಗೆ ಅಕೌಂಟು ಕದ್ದರೆ ಹಳೆಯ ಮೆಸೇಜುಗಳು ಅವನಿಗೆ ಸಿಗುವುದಿಲ್ಲ, ಅವು ಹಳೆ ಫೋನಿನಲ್ಲೇ ಉಳಿಯುತ್ತವೆ. ಸಿಗುವುದು ಗ್ರೂಪುಗಳು, ಅವುಗಳಲ್ಲಿರುವವರ ನಂಬರುಗಳು, ಇನ್ನು ಮುಂದೆ ಬರುವ ಮೆಸೇಜುಗಳು. ಹಾಗಾಗಿ ಯಾರು ದೊಡ್ಡವರು, ಯಾರು ಚಿಕ್ಕವರು, ಯಾರಿಗೆ ‘ನೀನು’, ಯಾರಿಗೆ ‘ನಿಂಗೊ’, ಒಂದೂ ಅವನಿಗೆ ತಿಳಿಯದು. ಎಲ್ಲರಿಗೂ ಒಂದೇ ಅಚ್ಚಿನ ಕನ್ನಡ ಕಳಿಸಿದ್ದ. ಸ್ವಂತ ಮಗಳಿಗೂ ‘ನೀವು’.

ಆಮೇಲೆ ವಿಚಾರಿಸಿದಾಗ ಗೊತ್ತಾದದ್ದು: ಮೆಸೇಜ್ ಹೋದದ್ದು ನಮ್ಮಲ್ಲಿ 11 ಮಂದಿಗೆ. ‘ನೀವು’ ನೋಡಿ 8 ಮಂದಿಗೆ ವಿಚಿತ್ರ ಅನ್ನಿಸಿತ್ತು. ಒಬ್ಬರೂ ಇನ್ನೊಬ್ಬರಿಗೆ ಹೇಳಲಿಲ್ಲ. ‘ಅಪ್ಪಚ್ಚಿ ಪೈಸೆ ಕೇಳಿದರು’ ಎಂದು ಹೇಳಿದರೆ ಅವರ ಮರ್ಯಾದೆ ಹೋಗುತ್ತದೆ, ನನ್ನೊಬ್ಬನ ಹತ್ತಿರ ಕೇಳಿದ್ದಾರೆ, ಗುಟ್ಟಾಗಿರಲಿ. ಹನ್ನೊಂದು ಜನರೂ ಹೀಗೇ ಯೋಚಿಸಿ ಸುಮ್ನೆ ಕೂತೆವು. ಕಳ್ಳನಿಗೆ ಇದಕ್ಕಿಂತ ಜಾಸ್ತಿ ಸಹಾಯ ಯಾರು ಮಾಡಿಯಾರು?

ಇನ್ನು ಆಸ್ಪತ್ರೆಯ ಮಾತು. ಚಿಕ್ಕಮ್ಮನಿಗೆ ಬಿಪಿ ಇದೆ. ಏನಾದರೂ ಆದರೆ ನಾವು ಓಡುವುದು ಮಂಗಳೂರಿಗೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿ ಈ ಕಡೆಯ ರೋಗಿಗಳು ಮಂಗಳೂರು ಸೇರಲಾಗದೆ ಒದ್ದಾಡಿದ್ದನ್ನು ಕಾಸರಗೋಡಿನವರು ಮರೆತಿಲ್ಲ. ‘ಆಸ್ಪತ್ರೆ’ ಅಂತ ಯಾರಾದರೂ ಅಂದರೆ ನಮ್ಮ ಮನೆಗಳಲ್ಲಿ ಪ್ರಶ್ನೆ ಕೇಳುವುದಿಲ್ಲ, ಮೊದಲು ಪೈಸೆ ಹೊಂದಿಸುತ್ತಾರೆ. ಕಳ್ಳ ಬರೆದದ್ದು ಬರೀ ಆಸ್ಪತ್ರೆ ಎಂದು. ಮಂಗಳೂರು, ಚಿಕ್ಕಮ್ಮ, ಬಿಪಿ, ಆಂಬುಲೆನ್ಸು ಎಲ್ಲವನ್ನೂ ನಾವೇ ಸೇರಿಸಿಕೊಂಡೆವು.

ಬೆಂಗಳೂರಿನಲ್ಲಿರುವ ನನ್ನ ತಂಗಿ 8.40ಕ್ಕೆ 15,000 ಹಾಕಿದಳು. ಪಿನ್ ಒತ್ತುವ ಮೊದಲು ಪರದೆಯಲ್ಲಿ ಯಾರದೋ ಗುರುತಿಲ್ಲದ ಹೆಸರು ಬಂದಿತ್ತು. ಕೇಳಿದ್ದಕ್ಕೆ ‘ಸ್ನೇಹಿತರ ಖಾತೆ’ ಎಂದು ಉತ್ತರ. ಕುಂಬಳೆಯ ಅತ್ತಿಗೆ 9.10ಕ್ಕೆ 20,000 ಹಾಕಿದರು. ಅವರಂತೂ ಏನನ್ನೂ ಕೇಳಲಿಲ್ಲ. ಮಾವನ ಸಮಾನದವರನ್ನು ‘ಇದು ನೀವೇನಾ?’ ಅಂತ ಕೇಳುವುದು ಹೇಗೆ ಅಂತ ಸುಮ್ಮನಾದರಂತೆ.

ನಾನು ಹಾಕಲಿಲ್ಲ. ಬುದ್ಧಿವಂತಿಕೆಯಿಂದಲ್ಲ, ಖಾತೆಯಲ್ಲಿ ಇದ್ದದ್ದು ಮೂರು ಸಾವಿರ ಚಿಲ್ಲರೆ. ‘ಅಕ್ಕು, ಮಧ್ಯಾಹ್ನ ಹಾಕುತ್ತೆ’ (ಆಗಲಿ, ಮಧ್ಯಾಹ್ನ ಹಾಕುತ್ತೇನೆ) ಎಂದು ಬರೆದು, ಯಾರ ಹತ್ತಿರ ಸಾಲ ಕೇಳುವುದು ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಚಿಕ್ಕಮ್ಮ ಹೇಗಿದ್ದಾರೆ ಕೇಳೋಣ ಅಂತ ಫೋನ್ ಮಾಡಿದೆ. ಸ್ವಿಚ್ ಆಫ್. ವಾಟ್ಸಾಪ್ ತೆರೆದರೆ ಅಪ್ಪಚ್ಚಿಯ ಹೆಸರಿನ ಕೆಳಗೆ ‘ಆನ್‌ಲೈನ್’.

ಫೋನು ಸತ್ತಿದೆ, ಮನುಷ್ಯ ಆನ್‌ಲೈನ್ ಇದ್ದಾನೆ. ಆಗ ಬೈಕ್ ತೆಗೆದೆ.

ಅಪ್ಪಚ್ಚಿ ಜಗಲಿಯಲ್ಲಿ ಗೋಣಿ ಹಾಸಿ ಕೂತು ಹಲಸಿನ ಸೊಳೆ ಬಿಡಿಸುತ್ತಿದ್ದರು. ಮಳೆ ಹಿಡಿಯುವ ಮೊದಲು ಹಪ್ಪಳ ಮುಗಿಸಬೇಕು. ಕೈ ತುಂಬ ಎಣ್ಣೆ, ಎಣ್ಣೆಯ ಮೇಲೆ ಮೇಣ. ಚಿಕ್ಕಮ್ಮ ಒಳಗಿನಿಂದ ಚಹಾ ತಂದರು, ಗಟ್ಟಿಮುಟ್ಟಾಗಿ. “ಎಂತ, ಇಷ್ಟು ಬೇಗ?” ಅಂದರು ಅಪ್ಪಚ್ಚಿ. ಮೆಸೇಜ್ ತೋರಿಸಿದೆ. ಮೇಣದ ಕೈಯನ್ನು ದೂರ ಹಿಡಿದು, ಬಗ್ಗಿ ಓದಿದರು. “ಎನಗೆ ಎಂತಕೆ ಪೈಸೆ?” ಅಂದವರು, ಇನ್ನೊಮ್ಮೆ ಓದಿ, “ಆನು ಹೀಂಗೆ ಬರೆತ್ತನಾ?” ಅಂದರು. ಅವರಿಗೆ ಮೊದಲು ನೋವಾದದ್ದು ಭಾಷೆಯ ಬಗ್ಗೆ.

10.20ರಿಂದ 11

ಗುಡ್ಡೆ ಹತ್ತಿದೆವು. ನನ್ನ ಪವರ್ ಬ್ಯಾಂಕ್ ಹಾಕಿ ಅವರ ಫೋನಿಗೆ ಜೀವ ಕೊಟ್ಟೆವು. ವಾಟ್ಸಾಪಿನಲ್ಲಿ ಅವರ ನಂಬರು ಒತ್ತಿ, ಹೊಸ ಕೋಡು ತರಿಸಿ ಹಾಕಿದೆವು. ಹೀಗೆ ಮಾಡಿದ ಕ್ಷಣವೇ ಕಳ್ಳ ಹೊರಗೆ ಬೀಳುತ್ತಾನೆ. ಆದರೆ ಅವನು ರಾತ್ರಿಯೇ ‘ಎರಡು ಹಂತದ ಪರಿಶೀಲನೆ’ ಹಾಕಿ ತನ್ನದೊಂದು ಪಿನ್ ಇಟ್ಟಿದ್ದ. ಆ ಪಿನ್ ಗೊತ್ತಿಲ್ಲದಿದ್ದರೆ 7 ದಿನ ಕಾಯಬೇಕು. ಅಲ್ಲಿಯವರೆಗೆ ಅಕೌಂಟು ಅವನಿಗೂ ಇಲ್ಲ, ನಮಗೂ ಇಲ್ಲ. ಇದೇ ಪಿನ್ನನ್ನು ಅಪ್ಪಚ್ಚಿಯ ಫೋನಿನಲ್ಲಿ ನಾನೇ ಮೊದಲು ಹಾಕಿ ಕೊಟ್ಟಿದ್ದರೆ ಶುಕ್ರವಾರ ಕೋಡು ಸಿಕ್ಕಿಯೂ ಕಳ್ಳನಿಗೆ ಒಳಗೆ ಬರಲು ಆಗುತ್ತಿರಲಿಲ್ಲ. ಸೆಟ್ಟಿಂಗ್ಸ್, ಅಕೌಂಟ್, ಎರಡು ಹಂತದ ಪರಿಶೀಲನೆ. ಎರಡು ನಿಮಿಷದ ಕೆಲಸ. ಫೋನು ತೆಗೆದು ಕೊಟ್ಟವನು ನಾನು, ಯಕ್ಷಗಾನದ ವಿಡಿಯೋ ನೋಡುವುದು ಹೇಳಿಕೊಟ್ಟವನು ನಾನು, ಇದನ್ನು ಬಿಟ್ಟಿದ್ದೆ.

ಅದಕ್ಕೂ ಮೊದಲು ಇನ್ನೊಂದು ಎಡವಟ್ಟು. ಕುಟುಂಬದ ಗ್ರೂಪಿಗೆ ನಾನೇ ಅಡ್ಮಿನ್. ಅಪ್ಪಚ್ಚಿಯ ಅಕೌಂಟು ಆ ಹೊತ್ತಿಗೆ ಕಳ್ಳನ ಕೈಯಲ್ಲಿ, ಅಂದರೆ ಕಳ್ಳ ನಮ್ಮ ಗ್ರೂಪಿನೊಳಗೆ ಕೂತಿದ್ದಾನೆ. ಮೊದಲು ಆ ನಂಬರನ್ನು ತೆಗೆಯಬೇಕಿತ್ತು. ‘ಅಪ್ಪಚ್ಚಿಯನ್ನು ಗ್ರೂಪಿನಿಂದ ತೆಗೆಯುವುದಾ?’ ಎಂದು ಕೈ ನಡುಗಿ ಹತ್ತು ನಿಮಿಷ ಹಾಳು ಮಾಡಿದೆ. ಅಪ್ಪಚ್ಚಿಯೇ ಪಕ್ಕದಲ್ಲಿ ನಿಂತು “ತೆಗೆ ಮಾರಾಯ” ಅಂದ ಮೇಲೆ ತೆಗೆದೆ.

ಆಮೇಲೆ ಗ್ರೂಪಿನಲ್ಲಿ ಕೇಳಿದೆ: ‘ಅಪ್ಪಚ್ಚಿ ಹೆಸರಿನಲ್ಲಿ ಪೈಸೆ ಕೇಳಿದ್ದು ಕಳ್ಳ. ಯಾರಾದರೂ ಹಾಕಿದ್ದೀರಾ?’ ತಂಗಿ ಕೂಡಲೇ ಫೋನ್ ಮಾಡಿದಳು. 1930ಕ್ಕೆ ಕರೆ ಮಾಡು ಅಂದೆ. ಹಣ ಕಳೆದುಕೊಂಡ ಸೈಬರ್ ಮೋಸಕ್ಕೆ ಇಡೀ ದೇಶಕ್ಕೆ ಇರುವ ನಂಬರು ಅದು. ಎಷ್ಟು ಹೊತ್ತಿಗೆ, ಯಾವ ಖಾತೆಯಿಂದ, ಯಾವ ಖಾತೆಗೆ, ವಹಿವಾಟಿನ ನಂಬರೇನು ಎಂದು ಕೇಳಿ ಬರೆದುಕೊಳ್ಳುತ್ತಾರೆ, ಹಣ ಹೋದ ದಾರಿಯ ಬ್ಯಾಂಕುಗಳಿಗೆ ತಿಳಿಸುತ್ತಾರೆ. ಹಣ ಇನ್ನೂ ಅಲ್ಲೇ ಇದ್ದರೆ ತಡೆದು ನಿಲ್ಲಿಸುತ್ತಾರೆ. ಕಳ್ಳರು ಅದನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡಿಸುತ್ತಲೇ ಇರುತ್ತಾರೆ. ಹಾಗಾಗಿ ಇಲ್ಲಿ ಲೆಕ್ಕ ಗಂಟೆಯದ್ದು, ದಿನದ್ದಲ್ಲ. ತಂಗಿಯ 15,000ದಲ್ಲಿ 11,000 ತಡೆಯಾಯಿತು. ಅವಳ ಕೈ ಸೇರಲು ತಿಂಗಳುಗಳೇ ಹಿಡಿದವು, ಆದರೆ ಸೇರಿತು.

ಅತ್ತಿಗೆ ಮಾತಾಡಲಿಲ್ಲ.

ಯಾಕೆಂದರೆ ನನ್ನ ಪ್ರಶ್ನೆಯ ಕೆಳಗೆ, ಎರಡೇ ನಿಮಿಷದಲ್ಲಿ, ಒಬ್ಬ ಭಾವ ಬರೆದಿದ್ದ: ‘ಈ ಕಾಲದಲ್ಲೂ ಹಾಕುವ ಪೆದ್ದುಗಳು ಇದ್ದಾರಾ? ಇದ್ದರೆ ಕೈ ಎತ್ತಿ ನೋಡುವ.’ ಅದಕ್ಕೆ ಆರು ಜನ ನಗುವ ಮುಖ ಹಾಕಿದ್ದರು. ನಾನೂ ಹಾಕಿದ್ದೆ. ಭಾವ ಕೆಟ್ಟವನಲ್ಲ, ಎಲ್ಲದಕ್ಕೂ ತಮಾಷೆ ಮಾಡುವ ಸ್ವಭಾವ. ಎದುರು ಕೂತು ಹೇಳಿದ್ದರೆ ಅತ್ತಿಗೆಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸುತ್ತಿದ್ದ. ಗ್ರೂಪಿನಲ್ಲಿ ಮುಖ ಕಾಣುವುದಿಲ್ಲ.

ಅತ್ತಿಗೆ ಆ ಸಾಲು ಓದಿ ಫೋನನ್ನು ಮಗುಚಿ ಇಟ್ಟರು. ಭಾನುವಾರ ಪೂರ್ತಿ ಯಾರಿಗೂ ಹೇಳಲಿಲ್ಲ, ಅಣ್ಣನಿಗೂ ಹೇಳಲಿಲ್ಲ. ಸೋಮವಾರ ಬೆಳಗ್ಗೆ ನನಗೆ ಫೋನ್ ಮಾಡಿ ಅತ್ತರು. 1930ಕ್ಕೆ ಮಾಡಿದರು. ಆ ಕಡೆಯವರು ಮಲಯಾಳದಲ್ಲಿ ಕೇಳಿದರು, ಅತ್ತಿಗೆಗೆ ಅದು ಬರುತ್ತದೆ, ತೊಂದರೆಯಾಗಲಿಲ್ಲ. ಆದರೆ 48 ಗಂಟೆ ದಾಟಿತ್ತು. ತಡೆಯಲು ಏನೂ ಉಳಿದಿರಲಿಲ್ಲ. ಒಂದೇ ಕಳ್ಳ, ಒಂದೇ ಬೆಳಗು, ಅರ್ಧ ಗಂಟೆ ಅಂತರ. ಒಬ್ಬಳಿಗೆ ಮುಕ್ಕಾಲು ಪಾಲು ವಾಪಸ್, ಇನ್ನೊಬ್ಬರಿಗೆ ಸೊನ್ನೆ. ವ್ಯತ್ಯಾಸ ಮಾಡಿದ್ದು ಆ ಆರು ನಗುವ ಮುಖಗಳು. ನಾನು ಎಷ್ಟು ಸಲ ಲೆಕ್ಕ ಹಾಕಿದರೂ ಹೀಗೇ ಬರುತ್ತದೆ.

ನನ್ನ ‘ಎಚ್ಚರಿಕೆ’

ಇಲ್ಲಿಯವರೆಗಿನದ್ದು ಕಳ್ಳನ ಕತೆ. ಇನ್ನು ನನ್ನದು.

ಅದೇ ಶನಿವಾರ ಗುಡ್ಡೆಯ ಮೇಲೆ ನಿಂತು, ಕಳ್ಳನ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು, ಮೇಲೆ ಹೀಗೆ ಬರೆದು ಗ್ರೂಪಿಗೆ ಹಾಕಿದೆ: ‘ಎಚ್ಚರಿಕೆ!! ಈ ನಂಬರಿನಿಂದ ಹಣ ಕೇಳಿದರೆ ನಂಬಬೇಡಿ. ಮೋಸ. ಎಲ್ಲರಿಗೂ ತಿಳಿಸಿ.’ ಸ್ಕ್ರೀನ್‌ಶಾಟಿನಲ್ಲಿ ಅಪ್ಪಚ್ಚಿಯ ಹೆಸರು, ನಂಬರು, ಮತ್ತು ಫೋಟೋ. ಮುಂಡಾಸು ಸುತ್ತಿಕೊಂಡು ಯಾವುದೋ ಉಪನಯನದಲ್ಲಿ ತೆಗೆದ ಫೋಟೋ, ಅವರಿಗೆ ಬಹಳ ಇಷ್ಟದ್ದು.

‘ಎಲ್ಲರಿಗೂ ತಿಳಿಸಿ’ ಅಂದೆನಲ್ಲ, ತಿಳಿಸಿದರು. ಅಡಿಕೆ ಬೆಳೆಗಾರರ ಗ್ರೂಪು, ದೇವಸ್ಥಾನದ ಸಮಿತಿ, ಹಳೆ ವಿದ್ಯಾರ್ಥಿಗಳು, ತಾಳಮದ್ದಳೆಯ ಸಂಘ. ದಾರಿಯಲ್ಲಿ ಯಾರೋ ಮೇಲಿನ ಸಾಲನ್ನು ಬದಲಿಸಿದರು. ಸೋಮವಾರ ರಾತ್ರಿ ವಿಟ್ಲದ ನೆಂಟರೊಬ್ಬರು ನನಗೇ ಅದನ್ನು ಕಳಿಸಿದರು. ಪಕ್ಕದಲ್ಲಿ ಎರಡು ಬಾಣದ ಗುರುತು, ಅಂದರೆ ಕಡಿಮೆ ಎಂದರೂ ಐದು ಕೈ ದಾಟಿದ ಮೆಸೇಜು. ಈಗ ಅದರಲ್ಲಿ ಇದ್ದದ್ದು: ‘ಈ ವ್ಯಕ್ತಿ ಮೋಸಗಾರ. ಜಾಗ್ರತೆ.’ ಕೆಳಗೆ ಮುಂಡಾಸಿನ ಅಪ್ಪಚ್ಚಿ.

ಮಂಗಳವಾರ ಮಧ್ಯಾಹ್ನ ಗ್ರೂಪಿನಲ್ಲಿ ನಾನು ಹಾಕಿದ್ದನ್ನು ‘ಎಲ್ಲರಿಗೂ ಅಳಿಸಿ’ ಮಾಡಲು ಹೋದೆ. ಆಯ್ಕೆಯೇ ಬರಲಿಲ್ಲ. ವಾಟ್ಸಾಪ್ ಅದಕ್ಕೆ ಕೊಡುವ ಸಮಯ ಸುಮಾರು ಎರಡೂವರೆ ದಿನ, ಅದು ಮುಗಿದಿತ್ತು. ಅಳಿಸಿದ್ದರೂ ನಮ್ಮ ಗ್ರೂಪಿನದ್ದು ಮಾತ್ರ ಹೋಗುತ್ತಿತ್ತು. ಫಾರ್ವರ್ಡ್ ಆದ ಪ್ರತಿಗಳನ್ನು ಯಾರೂ ವಾಪಸ್ ಕರೆಯಲಾರರು.

ಅಪ್ಪಚ್ಚಿ ಬದಿಯಡ್ಕಕ್ಕೆ ಅಡಿಕೆ ಕೊಡಲು ಹೋದಾಗ ಅಂಗಡಿಯವರು ಕೇಳಿದರಂತೆ, “ಮಾಷ್ಟ್ರೇ, ನಿಮ್ಮ ಮೇಲೆ ಕೇಸಂತೆ, ಹೌದಾ?” ಅವರು ನಕ್ಕು ಬಂದರು. ಅದರ ನಂತರ ಶನಿವಾರದ ತಾಳಮದ್ದಳೆಗೆ ಹೋಗಲಿಲ್ಲ. ಏಳು ದಿನ ಕಳೆದು ಅಕೌಂಟ್ ವಾಪಸ್ ಬಂತು, ಗ್ರೂಪಿಗೆ ಸೇರಿಸಿದೆ, ಆದರೆ ‘ಆನು ಮಾತಾಡುದು’ ಬರಲಿಲ್ಲ. ಅವರ ಕರೆಯನ್ನು ಕೆಲವರು ಎತ್ತುತ್ತಲೂ ಇರಲಿಲ್ಲ, ಆ ನಂಬರು ‘ಮೋಸದ್ದು’ ತಾನೇ.

ಕೇಸಿನ ವಿಷಯ ಹೇಳುವುದಾದರೆ, ಅಪರಾಧ ಮಾಡಿದವನು ಕಳ್ಳ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಇನ್ನೊಬ್ಬರ ಗುರುತು ಕದಿಯುವುದಕ್ಕೆ, 66ಡಿ ಇನ್ನೊಬ್ಬರ ಹಾಗೆ ನಟಿಸಿ ಮೋಸ ಮಾಡುವುದಕ್ಕೆ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಕೋಡು ಕೊಟ್ಟು ಮೋಸಹೋದವರ ಮೇಲೆ ಏನೂ ಇಲ್ಲ. ಇದನ್ನು ಬರೆದು ಗ್ರೂಪಿಗೆ ಹಾಕಿದಾಗ ಭಾವ, ‘ಹಾಗಾದರೆ ಅಡ್ಮಿನ್ ಒಳಗೆ ಹೋಗ್ತಾನಾ?’ ಅಂದ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ಆದರೆ ನನಗೆ ಆ ತೀರ್ಪಿನಿಂದ ಏನು ಸಮಾಧಾನ? ಆ ಸ್ಕ್ರೀನ್‌ಶಾಟ್ ಹಾಕಿದ್ದು ಯಾವ ಸದಸ್ಯನೂ ಅಲ್ಲ, ನಾನೇ.

ಅಪ್ಪಚ್ಚಿ ದೂರು ಕೊಡಬೇಕು ಎಂದು ಹಟ ಹಿಡಿದರು. ಹಣ ಅವರದ್ದು ಹೋಗಿರಲಿಲ್ಲ, ಹೋದದ್ದು ಹೆಸರು. ಕೈಯಲ್ಲೇ, ಕನ್ನಡದಲ್ಲೇ ಎರಡು ಪುಟ ಬರೆದರು. ಮಲಯಾಳದಲ್ಲಿ ಬರೆಸೋಣವಾ ಅಂದಿದ್ದಕ್ಕೆ ಕನ್ನಡಕದ ಮೇಲಿನಿಂದ ನೋಡಿದರು. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು. ಅದು ಅವರಿಗೆ ಬಾಯಿಪಾಠ. ದೂರು ತೆಗೆದುಕೊಂಡು ರಶೀದಿ ಕೊಟ್ಟರು. ಆ ರಶೀದಿಯ ಫೋಟೋವನ್ನು ಅಡಿಕೆ ಅಂಗಡಿಯವರಿಗೆ ತೋರಿಸಿ ಬಂದ ದಿನ ಅವರ ಮುಖ ಸ್ವಲ್ಪ ಅರಳಿತ್ತು.

ನಾನು ಅವತ್ತು ಏನು ಬರೆಯಬೇಕಿತ್ತು ಅಂತ ಈಗ ಗೊತ್ತು. ಮನೆಯವರಿಗೆ ಹೆಸರು ಹೇಳಲೇಬೇಕು, ಆದರೆ ಅದನ್ನು 11 ಮಂದಿಗೆ ಫೋನ್ ಮಾಡಿ ಹೇಳಬಹುದಿತ್ತು. ಹೊರಗಿನವರಿಗೆ ಬೇಕಾದದ್ದು ಉಪಾಯದ ವಿವರ, ಆಳಿನದ್ದಲ್ಲ: ‘ಗುರುತಿನವರ ನಂಬರಿನಿಂದ 6 ಅಂಕಿಯ ಕೋಡು ಕೇಳಿ ಮೆಸೇಜ್ ಬರುತ್ತಿದೆ, ಕೊಡಬೇಡಿ, ಅವರಿಗೆ ಫೋನ್ ಮಾಡಿ.’ ಜೊತೆಗೆ ತಾರೀಕು. ತಾರೀಕಿಲ್ಲದ ಎಚ್ಚರಿಕೆ ವರ್ಷಗಟ್ಟಲೆ ಸುತ್ತುತ್ತದೆ. ‘ಹಣ ಹಾಕಿದವರು ನನಗೊಬ್ಬನಿಗೆ ಹೇಳಿ’ ಎಂದು ಒಂದು ಸಾಲು ಸೇರಿಸಿದ್ದರೆ ಅತ್ತಿಗೆ ಅವತ್ತೇ ಹೇಳುತ್ತಿದ್ದರು, ಅವರೇ ಹಾಗಂದರು.

ಭಾವ ಅತ್ತಿಗೆಯ ವಿಷಯ ಗೊತ್ತಾಗಿ ಕುಂಬಳೆಗೆ ಹೋದ. ಏನು ಮಾತಾಡಿದ ಅಂತ ಇಬ್ಬರೂ ಹೇಳಲಿಲ್ಲ. ಅಪ್ಪಚ್ಚಿ ಅತ್ತಿಗೆಗೆ 20,000 ಕೊಡಲು ಹೋದರು, ಅವರು ತೆಗೆದುಕೊಳ್ಳಲಿಲ್ಲ, ಹಪ್ಪಳ ಮಾತ್ರ ತೆಗೆದುಕೊಂಡರು.

ಆಟಿ ತಿಂಗಳ ಒಂದು ಸಂಜೆ, ಮಳೆ ಹೊಳವಾದಾಗ, ವಾಯ್ಸ್ ಮೆಸೇಜ್ ಬಂತು. ‘ಆನು ಮಾತಾಡುದು’ ಎಂದು ಶುರುವಾಗಿ, ಸ್ವಲ್ಪ ತಡೆದು, ‘ಆನೇ’ ಎಂದು ಸೇರಿಸಿದ್ದರು. ಈಗ ಹಾಗೆಯೇ ಹೇಳುತ್ತಾರೆ.

ಹೋದ ವಾರ ಕಾಸರಗೋಡಿನ ಗೆಳೆಯನೊಬ್ಬ ನನಗೆ ಒಂದು ಎಚ್ಚರಿಕೆ ಕಳಿಸಿದ. ಎರಡು ಬಾಣ, ‘ಈ ವ್ಯಕ್ತಿ ಮೋಸಗಾರ’, ಮುಂಡಾಸಿನ ಫೋಟೋ ಅಂಚು ಕತ್ತರಿಸಿ ಮಸುಕಾಗಿತ್ತು. ಅವನಿಗೆ ಉದ್ದಕ್ಕೆ ಬರೆದೆ: ಇವರು ನಮ್ಮ ಅಪ್ಪಚ್ಚಿ, ಮೋಸಹೋದವರು, ಇದು ವರ್ಷದ ಹಿಂದಿನದ್ದು, ನಿನಗೆ ಕಳಿಸಿದವರಿಗೂ ಇದನ್ನು ಹೇಳು ಎಂದು.

ಆ ಕಡೆಯಿಂದ ಒಂದು ಹೆಬ್ಬೆರಳು ಬಂತು.